ಡಬ್ಬಿಯಲ್ಲಿ ಒಯ್ದ ಕಾಯಿಲೆ

ಎರಡು ವರ್ಷದ ಹಿಂದಿನ ಆಷಾಢ. ನನಗೆ ಆರು ತಿಂಗಳಿಂದ ಬಿಡದ ಕೆಮ್ಮು. ವಿಮಾ ಕಚೇರಿಯ ಕೌಂಟರಿನಲ್ಲಿ ಕೂತು ನಾನು ಕೆಮ್ಮಿದರೆ, ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂತು. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಬಲಗಡೆಯ ಶ್ವಾಸಕೋಶದಲ್ಲಿ ಮೂಸಂಬಿಯಷ್ಟು ದುಂಡಗಿನ ನೆರಳು. ಹೊಸ ತಿಪ್ಪಸಂದ್ರದ ನಮ್ಮ ಡಾಕ್ಟರು ಕನ್ನಡಕ ತೆಗೆದು, "ಗೆಡ್ಡೆ ಇರಬಹುದಮ್ಮ. ದೊಡ್ಡಾಸ್ಪತ್ರೆಗೆ ಹೋಗಿ. ಸೂಜಿ ಹಾಕಿ ಚೂರು ತೆಗೆದು ನೋಡ್ತಾರೇನೋ" ಎಂದರು.

ಆ ಒಂದು ಮಾತಿಗೆ ನಮ್ಮ ಮನೆ ತಣ್ಣಗಾಯಿತು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ನನ್ನ ಯಜಮಾನರು ಎರಡು ದಿನ ಟೀವಿ ಹಾಕಲಿಲ್ಲ. ಪಿಯುಸಿ ಓದುವ ಮಗಳು ಯಾರೂ ಹೇಳದೆಯೇ ಪಾತ್ರೆ ತೊಳೆದಳು. ಅದನ್ನು ಕಂಡಾಗಲೇ ನನಗೆ ನಿಜವಾಗಿ ಭಯವಾದದ್ದು.

ಬುಧವಾರ ಬೆಳಿಗ್ಗೆ ಯಜಮಾನರೂ ನಾನೂ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬಂದಿಳಿದೆವು. ಆಸ್ಪತ್ರೆಗೆ ಹತ್ತಿರವಾಗುತ್ತದೆಂದು ಮಾಂಸದಂಗಡಿಗಳ ಗಲ್ಲಿ ಹಿಡಿದೆವು. ನಮ್ಮದು ಸಸ್ಯಾಹಾರಿ ಮನೆ. ಸೆರಗನ್ನು ಮೂಗಿಗೊತ್ತಿಕೊಂಡೇ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಕೆಮ್ಮು ಶುರುವಾಯಿತು. ಅಂಥ ಕೆಮ್ಮು ಎಂದೂ ಬಂದಿರಲಿಲ್ಲ. ಎದೆಯೊಳಗೆ ಏನೋ ಪಟ್ಟೆಂದು ಒಡೆದ ಹಾಗಾಗಿ, ಬಾಯಿತುಂಬ ಉಪ್ಪುಪ್ಪು ನೀರು. ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಕುರಿಯ ತಲೆಕಾಲು ಮಾರುವ ಅಂಗಡಿಯಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಓಡಿ ಬಂದರು. ಅವರ ಹೆಸರು ಶಮೀಮ್ ಎಂದು ಆಮೇಲೆ ತಿಳಿಯಿತು. ನನ್ನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ತೊಳೆದ ಬೋಗುಣಿಯೊಂದನ್ನು ಮುಂದೆ ಹಿಡಿದರು.

"ಉಗೀರಿ ಅಮ್ಮಾ, ನಾಚ್ಕೋಬೇಡಿ."

ನೀರಿನ ಜೊತೆ ಬಿಳಿಯ ತೆಳು ಪೊರೆಯ ಚೂರುಗಳು ಬಿದ್ದವು, ಸುಲಿದ ದ್ರಾಕ್ಷಿ ಸಿಪ್ಪೆಯ ಹಾಗೆ. ಅಸಹ್ಯವಾಗಿ, ಚರಂಡಿಗೆ ಸುರಿಯಲು ಹೋದೆ. ಅವರು ನನ್ನ ಕೈ ಹಿಡಿದುಬಿಟ್ಟರು.

"ಚೆಲ್ಬೇಡಿ! ಇದು ನಂಗೆ ಗೊತ್ತು. ಪಾನಿ ಕಿ ಥೈಲಿ, ನೀರಿನ ಚೀಲ" ಎಂದು ತಮ್ಮ ಎದೆ ಮುಟ್ಟಿ ತೋರಿಸಿದರು. "ಕುರಿಗೆ ಇಲ್ಲಿ ಇರ್ತದೆ. ಒಡೆದ್ರೆ ಹಿಂಗೇ ಪೊರೆ ಬರ್ತದೆ. ಮೂವತ್ತು ವರ್ಷದಿಂದ ಕುರಿ ಒಳಗಿಂದೆಲ್ಲ ಕ್ಲೀನ್ ಮಾಡ್ತಿದೀನಿ, ಗೊತ್ತಾಗಲ್ವಾ?"

ಹೆದರಿ ಬೆವರುತ್ತಿದ್ದ ನನ್ನ ಯಜಮಾನರು ರೇಗಿದರು. "ರೀ, ಇವಳು ಕುರಿ ಅಲ್ಲ ಕಣ್ರೀ!"

"ಮಾಲೂಮ್ ಹೈ ಸಾಬ್, ಗೊತ್ತು. ಆದ್ರೂ ಡಾಕ್ಟ್ರಿಗೆ ತೋರ್ಸಿ. ಬ್ಯಾಗಲ್ಲಿ ಡಬ್ಬಿ ಇದ್ಯಾ?"

ಇತ್ತು, ಅವಲಕ್ಕಿ ತುಂಬಿದ್ದ ಡಬ್ಬಿ. ಅವಲಕ್ಕಿಯೆಲ್ಲ ಪೇಪರಿನ ಮೇಲೆ ಹೋಯಿತು, ಪೊರೆ ಡಬ್ಬಿಗೆ ಬಂತು. ಅಷ್ಟರಲ್ಲಿ ನನ್ನ ಮೈಮೇಲೆಲ್ಲ ದದ್ದು ಎದ್ದು, ಉಸಿರು ಕಟ್ಟತೊಡಗಿತು. ಶಮೀಮಮ್ಮ ರಸ್ತೆಗೇ ಇಳಿದು ಆಟೋ ಒಂದನ್ನು ಅಡ್ಡಗಟ್ಟಿ, "ಜಲ್ದಿ ಹೋಗಪ್ಪ, ಎಲ್ಲೂ ನಿಲ್ಲಿಸ್ಬೇಡ" ಎಂದು ನಮ್ಮನ್ನು ಹತ್ತಿಸಿದರು.

ಆಸ್ಪತ್ರೆಯಲ್ಲಿ ಮೊದಲು ಇಂಜೆಕ್ಷನ್ ಕೊಟ್ಟು ದದ್ದು ಇಳಿಸಿದರು. ಆಮೇಲೆ ಡಬ್ಬಿ ತೆರೆದು ನೋಡಿದ ಲೇಡಿ ಡಾಕ್ಟರ ಕಣ್ಣು ಅರಳಿತು.

"ಇದನ್ನ ಹಿಂಗೆ ತರೋಕೆ ಯಾರು ಹೇಳಿದ್ದು?"

"ತಲೆಕಾಲು ಅಂಗಡಿಯವರು" ಎಂದೆ, ಮೆಲ್ಲಗೆ.

ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮುಗಿದು ಎರಡು ದಿನಕ್ಕೆ ಅವರೇ ನಮ್ಮನ್ನು ಕೂರಿಸಿ ಹೇಳಿದರು: "ಕ್ಯಾನ್ಸರ್ ಅಲ್ಲ, ಹುಳ. ನಾಯಿ ಹೊಟ್ಟೇಲಿರುತ್ತಲ್ಲ, ಒಂದು ಥರದ ಲಾಡಿಹುಳ, ಅದರ ಮರಿ ನಿಮ್ಮೊಳಗೆ ನೀರಿನ ಚೀಲ ಕಟ್ಕೊಂಡು ಕೂತಿತ್ತು. ಸೂಜಿ ಚುಚ್ಚೋಕೆ ಮುಂಚೆ ಗೊತ್ತಾಗಿದ್ದೇ ಒಳ್ಳೇದಾಯ್ತು. ಚುಚ್ಚಿದ್ರೆ ಉಳಿದ ನೀರೂ ಒಳಗೇ ಸೋರಿ, ಅವತ್ತಿನ ದದ್ದು, ಉಸಿರುಕಟ್ಟೋದು ಇನ್ನೂ ಜೋರಾಗಿ ಜೀವಕ್ಕೇ ಅಪಾಯ ಆಗ್ತಿತ್ತು."

"ನಾನು ಮಾಂಸ ಮುಟ್ಟೋಳೇ ಅಲ್ವಲ್ಲ ಡಾಕ್ಟ್ರೇ?"

"ಮಾಂಸದಿಂದ ಬರೋದಲ್ಲ ಇದು. ನಾಯಿ ಮಲದಲ್ಲಿ ಮೊಟ್ಟೆ ಇರುತ್ತೆ. ಕೈಗೆ ಅಂಟಿ, ಇಲ್ಲಾಂದ್ರೆ ಸರಿಯಾಗಿ ತೊಳೀದೇ ಇರೋ ಸೊಪ್ಪಿನಿಂದ ಹೊಟ್ಟೆಗೆ ಹೋಗುತ್ತೆ. ನಾಯಿ ಸಾಕಿದೀರಾ?"

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. ಬೀದಿಯ ನಾಲ್ಕು ನಾಯಿಗಳಿಗೆ ದಿನವೂ ಇಡ್ಲಿ ತಿನ್ನಿಸಿ, ಮುದ್ದಾಡಿ, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುವವಳು ನಾನು. ಬೈಯುತ್ತಾರೆಂದುಕೊಂಡೆ. ಅವರು ಹೊರಗೆ ಹೋಗಿ ತಮ್ಮ ಅಕ್ಕನಿಗೆ ಫೋನು ಹಚ್ಚಿ, "ಹುಳ ಅಂತೆ ಕಣಕ್ಕ! ಬರೀ ಹುಳ!" ಎಂದು ಕೂಗಿದ್ದು ವಾರ್ಡಿಗೆಲ್ಲ ಕೇಳಿಸಿತು. ಆ ಸಂಜೆ ಮಗಳು ಬೀದಿಗೆಲ್ಲ ಮೈಸೂರು ಪಾಕು ಹಂಚಿದಳು. ಎದೆಯಲ್ಲಿ ಹುಳ ಸಿಕ್ಕಿತೆಂದು ಸಿಹಿ ಹಂಚಿದ ಮನೆ ಬೆಂಗಳೂರಿನಲ್ಲಿ ನಮ್ಮದೊಂದೇ ಇರಬೇಕು.

ಆಪರೇಷನ್ ಆಯಿತು, ಕೆಲವು ತಿಂಗಳು ಮಾತ್ರೆ ನುಂಗಿದೆ. ನಾಯಿಗಳಿಗೆ ಈಗಲೂ ಇಡ್ಲಿ ಹಾಕುತ್ತೇನೆ. ಅವುಗಳಿಗೂ ಹುಳದ ಮಾತ್ರೆ, ನನ್ನ ಕೈಗೆ ಸೋಪು.

ಕಾರ್ತಿಕದಲ್ಲಿ ಹೋಳಿಗೆ ಮಾಡಿಕೊಂಡು ಶಮೀಮಮ್ಮನ ಅಂಗಡಿಗೆ ಹೋದೆ. ಅವರು ನನ್ನನ್ನು ಕಂಡೊಡನೆ ಕೈತೊಳೆದು ಬಂದು, ನನ್ನ ಬೆನ್ನ ಮೇಲೆ ಅಂಗೈಯಿಟ್ಟು, "ಎಲ್ಲಿ, ಜೋರಾಗಿ ಉಸಿರು ಎಳೀರಿ" ಎಂದರು. ಎಳೆದೆ. ತಲೆದೂಗಿ, "ಫಸ್ಟ್ ಕ್ಲಾಸ್ ಮಾಲು! ಕುರಿಯಾಗಿದ್ರೆ ಒಳ್ಳೆ ರೇಟ್ ಬರ್ತಿತ್ತು" ಎಂದುಬಿಟ್ಟರು.

ಇಡೀ ಗಲ್ಲಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು, ಒಂದು ಸಲವೂ ಕೆಮ್ಮದೆ. ನನ್ನ ಪ್ರಾಣ ಉಳಿಸಿದವರ ಹೆಸರು ಹೇಳಿ ಎಂದರೆ ಡಾಕ್ಟರ ಹೆಸರಿಗಿಂತ ಮೊದಲು ಇಂದಿಗೂ ನನ್ನ ನಾಲಿಗೆಗೆ ಬರುವುದು ಶಮೀಮಮ್ಮನ ಹೆಸರೇ.