ಹದಿನಾಲ್ಕು ಎಕರೆ ಮತ್ತು ಒಂದು ಬಾಟಲಿ ನೀರು

ಹದಿನಾಲ್ಕು ಎಕರೆಯ ಮನೆ ನೋಡಲು ಹೋದವಳು ಅಲ್ಲಿನ ಅಡುಗೆಮನೆಯಿಂದ ಒಂದು ಬಾಟಲಿ ನೀರು ಕದ್ದು ತಂದೆ. ಬಾಯಾರಿಕೆಗಲ್ಲ. ತೊಗರಿಬೇಳೆ ಬೇಯಿಸಲು.

ವಿಷಯ ಇಷ್ಟೇ. ಈ ರಿಸೆಷನ್ ಶುರುವಾದಾಗಿನಿಂದ ನಮ್ಮನೆಯವರ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಯಾರಾದರೊಬ್ಬರು ತಮ್ಮ ಸಾಮಾನನ್ನು ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ಹೊರಡುತ್ತಾರೆ. ತಮ್ಮ ಸರದಿ ಯಾವತ್ತೋ ಎಂದು ಇವರಿಗೆ ಊಟ ಸೇರುವುದಿಲ್ಲ. ಭಯಕ್ಕೆ ಒಬ್ಬೊಬ್ಬರದು ಒಂದೊಂದು ಔಷಧ. ಇವರು ಕಂಡುಕೊಂಡದ್ದು ಜಮೀನು. ನಾವೀಗಿರುವ ವುಡ್‌ರಿಡ್ಜ್‌ನ ಮನೆ ಮಾರಿ ಹಳ್ಳಿ ಕಡೆ ಸ್ವಲ್ಪ ನೆಲ ತೆಗೆದುಕೊಂಡರೆ, ಕೆಲಸ ಹೋದರೂ ಸೊಪ್ಪು ತರಕಾರಿ ಬೆಳೆದುಕೊಂಡು ಬದುಕಬಹುದಂತೆ. (ನಮ್ಮ ಕರಿಬೇವಿನ ಗಿಡವನ್ನು ಎರಡು ಸಲ ಒಣಗಿಸಿದ ಮಹಾನುಭಾವರು ಇವರೇ.)

ಇಂಟರ್‌ನೆಟ್ಟಿನಲ್ಲಿ ತಡಕಾಡಿ ಕೊನೆಗೂ ಒಂದು ಮನೆ ಹಿಡಿದರು. ಅರೋರಾ ಪಟ್ಟಣ ದಾಟಿ ಪಶ್ಚಿಮಕ್ಕೆ ಎರಡು ಗಂಟೆ ಡ್ರೈವ್ ಮಾಡಬೇಕು. ದನ ಸಾಕುವುದೇ ಕಸುಬಾದ ಪುಟ್ಟ ಊರು. ನಾಲ್ಕು ಬೆಡ್‌ರೂಮು, ದೊಡ್ಡ ಕೊಟ್ಟಿಗೆ, ಬಾವಿ. ಬೆಲೆ? ನಮ್ಮ ಬಡಾವಣೆಯ ಮನೆಗಿಂತ ಕಡಿಮೆ! ಇವರು ಕುಣಿದರು. ನನಗೆ ಅನುಮಾನ ಬಂತು. ಅಗ್ಗಕ್ಕೆ ಸಿಕ್ಕ ಯಾವುದರಲ್ಲಿ ಹುಳುಕಿಲ್ಲ, ಹೇಳಿ?

ಇದು ಹುಟ್ಟುಗುಣ. ಮೈಸೂರಿನಲ್ಲಿ ನಮ್ಮಪ್ಪ ಮನೆ ಕೊಳ್ಳುವಾಗ ಕಾಗದಪತ್ರಗಳನ್ನು ಮೂರು ಜನರಿಗೆ ತೋರಿಸಿದ್ದರು, ಅಕ್ಕಪಕ್ಕದವರನ್ನು ಕಾಫಿಗೆ ಕರೆದು ಬಾಯಿ ಬಿಡಿಸಿದ್ದರು. ಅಮ್ಮ ಮಾತ್ರ ಆ ಮನೆಯ ಬಾವಿಯಿಂದ ಒಂದು ತಂಬಿಗೆ ನೀರು ತಂದು ಬೇಳೆ ಬೇಯಲಿಟ್ಟಿದ್ದರು. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಮಾರುವವರು ಏನು ಬೇಕಾದರೂ ಹೇಳಬಹುದು, ಬೇಳೆಗೆ ಯಾರ ಹಂಗೂ ಇಲ್ಲ ಎನ್ನುವುದು ಅವರ ನಂಬಿಕೆ. ನನ್ನದೂ.

ಹೋದೆವು. ಮನೆ ಮಾರಿಸುವ ರಿಯಲ್ಟರ್ ಹುಡುಗಿ ನಾನು ಕೇಳುವ ಮೊದಲೇ ಉತ್ತರ ಹೇಳುತ್ತಿದ್ದಳು. ಅನುಮಾನ ಒಂದು. ಮನೆಯೊಡೆಯ, ಟೋಪಿ ಹಾಕಿದ ಮುದುಕ, ಕಂಡ ಕಂಡ ಕಂಬವನ್ನೆಲ್ಲ ತಟ್ಟಿ ಕಲ್ಲಿನಂತಿದೆ ಎಂದು ನಗುತ್ತಿದ್ದ. ಅನುಮಾನ ಎರಡು. ಆತನ ಹೆಂಡತಿ ಕ್ಯಾರೊಲ್ ಒಲೆಗೆ ಒರಗಿ ನಿಂತವರು ತುಟಿ ಬಿಚ್ಚಲಿಲ್ಲ. ಅದು ಎಲ್ಲಕ್ಕಿಂತ ದೊಡ್ಡ ಅನುಮಾನ. ಎಲ್ಲರೂ ಕೊಟ್ಟಿಗೆ ನೋಡಲು ಹೋದಾಗ ನಾನು ಹಿಂದುಳಿದು ಬಾಟಲಿ ತುಂಬಿಕೊಂಡೆ.

ಮನೆಗೆ ಬಂದು ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟೆ. (ಕುಕ್ಕರಿನಲ್ಲಿಟ್ಟರೆ ಕಲ್ಲೂ ಬೆಂದುಬಿಡುತ್ತದೆ, ಪರೀಕ್ಷೆಗೆ ಅರ್ಥವಿಲ್ಲ.) ಪಕ್ಕದ ಒಲೆಯ ಮೇಲೆ ನಮ್ಮ ನಲ್ಲಿ ನೀರಿನಲ್ಲಿ ಅದೇ ಬೇಳೆ. ಒಂದು ಗಂಟೆಯಲ್ಲಿ ನಮ್ಮದು ಕರಗಿತು. ಅವರದು ಮಣಿಯಂತೆ ಹಾಗೇ ಉಳಿಯಿತು.

ನಮ್ಮನೆಯವರಿಗೆ ತೋರಿಸಿದೆ. "ನೀರಿನ ಗಡಸು ತೆಗೆಯೋ ಸಾಫ್ಟ್‌ನರ್ ಹಾಕ್ಸಿದ್ರಾಯ್ತು ಕಣೇ. ಬೇಳೆ ಬೇಯ್ಲಿಲ್ಲ ಅಂತ ಯಾರಾದ್ರೂ ಹದಿನಾಲ್ಕು ಎಕರೆ ಬಿಡ್ತಾರಾ?" ಎಂದರು. ಮುಂದಿನ ಭಾನುವಾರ ಮತ್ತೆ ಹೊರಡಿಸಿದರು.

ಈ ಸಲ ಗಂಡಸರಿಬ್ಬರೂ ಬೇಲಿ ನೋಡಲು ಹೋದದ್ದೇ ತಡ, ಕ್ಯಾರೊಲ್ ನೇರ ನನ್ನ ಹತ್ತಿರ ಬಂದರು. ಹೋದ ವಾರ ನೀರು ತುಂಬಿಕೊಂಡದ್ದನ್ನು ನೋಡಿದ್ದರಂತೆ. ನಾನು ನೀರು ಪರೀಕ್ಷಿಸುವ ಕೌಂಟಿ ಆಫೀಸಿನ ಕಡೆಯವಳಾ ಎಂದು ಕೇಳಿದರು. ಅಲ್ಲಿಗೆ ನನ್ನ ಮಾನ ಹೋಯಿತು! ನಾನು ಅವರನ್ನು ಅನುಮಾನಿಸುತ್ತಿದ್ದಾಗ ಅವರು ನನ್ನನ್ನೇ ಅನುಮಾನಿಸುತ್ತಿದ್ದರು. ತಡವರಿಸುತ್ತ ಬೇಳೆಯ ಕಥೆ ಹೇಳಿದೆ.

ಆಕೆ ಮೊದಲ ಸಲ ನಕ್ಕರು. ಆ ಮನೆಗೆ ಮದುವೆಯಾಗಿ ಬಂದಾಗಿನಿಂದಲೂ ಬೀನ್ಸ್ ಕಾಳು ಬೇಯಿಸಲು ಪೇಟೆಯಿಂದ ಕ್ಯಾನಿನಲ್ಲಿ ನೀರು ತರುತ್ತಿದ್ದಾರಂತೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೊಟ್ಟಿಗೆಯ ಉತ್ತರದ ಕಂಬ ಬುಡದಲ್ಲಿ ಕೊಳೆತಿದೆ. ಹಿಮ ಬಿದ್ದರೆ ಮೂರು ದಿನ ರಸ್ತೆ ಬಂದ್. ಬೇಸಿಗೆಯಲ್ಲಿ ಗಾಳಿ ತಿರುಗಿದರೆ ಪಕ್ಕದವರ ದನದ ದೊಡ್ಡಿಯ ವಾಸನೆಗೆ ಕಿಟಕಿ ತೆರೆಯುವ ಹಾಗಿಲ್ಲ. ನಾನು ಒಂದು ಕೇಳಿದರೆ ಆಕೆ ನಾಲ್ಕು ಹೇಳಿದರು.

ತಮ್ಮ ಮನೆಯನ್ನು ತಾವೇ ಹೀಗೆ ಹಳಿಯುವ ಮಾಲೀಕರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಕಿಟಕಿಯಾಚೆ ಹಿತ್ತಿಲಿನಲ್ಲಿ ಒಂದು ಪಾತಿಗೆ ಹೊಸದಾಗಿ ಒಣಹುಲ್ಲು ಹೊದಿಸಿದ್ದರು. ಮಣ್ಣು ಇನ್ನೂ ಹಸಿ. ಅಕ್ಟೋಬರ್ ಕೊನೆಯಲ್ಲಿ, ಮಾರುವ ಮನೆಯಲ್ಲಿ, ಇದೇನು? ಕೇಳಿಯೇಬಿಟ್ಟೆ.

"ಬೆಳ್ಳುಳ್ಳಿ" ಎಂದರು ಕ್ಯಾರೊಲ್. "ಮೊನ್ನೆ ಹಾಕಿದೆ."

"ಯಾವಾಗ ಕೀಳೋದು?"

"ಜುಲೈನಲ್ಲಿ."

ಹೇಳಿದ ಮೇಲೆ ಆಕೆ ನನ್ನ ಮುಖ ನೋಡಲಿಲ್ಲ. ಸಿಂಕಿನಲ್ಲಿದ್ದ ಒಂದೇ ಲೋಟವನ್ನು ತೊಳೆಯತೊಡಗಿದರು. ಹೊರಗೆ ಆಕೆಯ ಗಂಡ ಕ್ರಿಸ್‌ಮಸ್‌ಗೆ ಮೊದಲೇ ಖಾಲಿ ಮಾಡಿ ಅರಿಜೋನಾಗೆ ಹೋಗುತ್ತೇವೆ ಎಂದು ನಮ್ಮನೆಯವರಿಗೆ ಮಾತು ಕೊಡುತ್ತಿದ್ದ. ದನದ ವ್ಯಾಪಾರ ಬಿದ್ದುಹೋಗಿದೆ, ಚಳಿ ತಡೆಯಲಾಗುವುದಿಲ್ಲ, ಅಲ್ಲಿ ಒಂದು ಕಾಂಡೋ ಫ್ಲಾಟು ನೋಡಿಟ್ಟಿದ್ದೇನೆ ಎನ್ನುವುದೆಲ್ಲ ತೆರೆದ ಬಾಗಿಲಿನಿಂದ ಕೇಳಿಸುತ್ತಿತ್ತು. ನೋಡಿಟ್ಟಿದ್ದೇವೆ ಅನ್ನಲಿಲ್ಲ ಆತ. ನೋಡಿಟ್ಟಿದ್ದೇನೆ.

ಒಂದು ವಾರದಿಂದ ಹುಡುಕುತ್ತಿದ್ದ ಹುಳುಕು ಅಂತೂ ಸಿಕ್ಕಿತ್ತು. ಅದು ನೀರಿನಲ್ಲಿರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಕೊಳೆತ ಕಂಬ, ಹಿಮ, ವಾಸನೆ ಎಲ್ಲ ವರದಿ ಮಾಡಿದೆ. ಬೆಳ್ಳುಳ್ಳಿಯ ವಿಷಯ ಬಾಯಿಗೆ ಬರಲಿಲ್ಲ. ಇವರು ಮೆಚ್ಚಿಕೊಂಡರು. "ಎಂಥಾ ಪ್ರಾಮಾಣಿಕ ಹೆಂಗಸು ನೋಡು! ಇಂಥವ್ರ ಹತ್ರ ಕಣ್ಮುಚ್ಚಿ ತಗೋಬಹುದು."

ರಿಯಲ್ಟರ್ ಹುಡುಗಿ ಬುಧವಾರದೊಳಗೆ ಉತ್ತರ ಬೇಕೆಂದು ಎರಡು ಸಲ ಫೋನ್ ಮಾಡಿದಳು. ನಾನು ಬೇಡ ಎಂದೆ. ಯಾಕೆ ಎಂದರು ಇವರು. ಬೇಳೆ ಬೇಯಲಿಲ್ಲವಲ್ಲ ಎಂದೆ. ನನಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ ಮೂರು ದಿನ ಮಾತು ಬಿಟ್ಟರು. ಬಿಡಲಿ. ಶುಕ್ರವಾರಗಳ ಭಯ ನನಗೂ ಇದೆ, ಆದರೆ ಅದಕ್ಕೆ ಕ್ಯಾರೊಲ್ ಅವರ ಹಿತ್ತಿಲು ಔಷಧವಲ್ಲ.

ನಾವು ಬಿಟ್ಟರೆ ಇನ್ನೊಬ್ಬರು ಬಂದೇ ಬರುತ್ತಾರೆ, ಅದೂ ಗೊತ್ತು. ಬರುವವರು ಜುಲೈ ಕಳೆದು ಬರಲಿ ಎನ್ನುವುದಷ್ಟೇ ನನ್ನ ಆಸೆ. ಅಲ್ಲಿಯವರೆಗೆ ಬಂದವರಿಗೆಲ್ಲ ಆಕೆ ನಿಜವನ್ನೇ ಹೇಳಿ ವಾಪಸ್ ಕಳಿಸುತ್ತಿರಬೇಕು.

ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ನಿಜಕ್ಕೇ ನಿಲ್ಲಿಸುತ್ತಿರಲಿಲ್ಲ, ಅಟ್ಟದಲ್ಲಿ ದೆವ್ವವಿದೆ ಅಂತಲೂ ಹೇಳುತ್ತಿದ್ದೆ.