ಕಾಲರ್ ಅಕ್ಕನ ಉಪಕಾರ

ಹದಿನೆಂಟು ವರ್ಷ ಬರೀ ಕಾಲರ್ ಹೊಲಿದವಳಿಗೆ ಇಡೀ ಶರ್ಟು ಹೊಲಿಯಲು ಬರುತ್ತದೋ ಇಲ್ಲವೋ, ಯಾರೂ ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ಅವಳ ಹೆಸರೇ ಕಾಲರ್ ಅಕ್ಕ. ಮನೆಯಲ್ಲಿ ಗಂಡ ಶರ್ಟು ತೊಟ್ಟು ಹೊರಟರೂ ಮುಖಕ್ಕಿಂತ ಮೊದಲು ಕಾಲರ್ ನೋಡುವಳು. ಮಗಳು ಅವಳ ಭುಜಕ್ಕೆ ಮುಲಾಮು ತಿಕ್ಕುತ್ತಾ, "ಕೆಲಸ ಬಿಡಮ್ಮಾ" ಅನ್ನುವಳು. ಬಿಟ್ಟರೆ ಮನೆ ನಡೆಯುವುದು ಹೇಗೆಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಪಕ್ಕದ ಮೆಷಿನ್ನಿಗೆ ಹೊಸ ಹುಡುಗಿಯೊಬ್ಬಳು ಬಂದಳು. ದಾರ ಪೋಣಿಸುವಷ್ಟರಲ್ಲೇ ಬೆವರುವವಳು. ಗಂಟೆಗೆ ಅರವತ್ತು ಕಾಲರ್ ಆಗಬೇಕು. ಅವಳ ಗಾಡಿ ನಲವತ್ತಕ್ಕೇ ನಿಲ್ಲುತ್ತಿತ್ತು. ಸಾಲದ್ದಕ್ಕೆ ಪದೇ ಪದೇ ಶೌಚಾಲಯಕ್ಕೆ ಓಟ. ಪಾಪ, ಹೊಟ್ಟೆಯದೇನೋ ತೊಂದರೆ, ಬಾಯಿಬಿಟ್ಟು ಹೇಳಲಾರಳು ಎಂದು ಅಕ್ಕನ ಕರುಳು ಚುರ್ ಎಂದಿತು. ಹುಡುಗಿ ಎದ್ದು ಹೋದಾಗಲೆಲ್ಲ ತಾನು ಹೊಲಿದದ್ದನ್ನು ಅವಳ ರಾಶಿಗೆ ಸೇರಿಸತೊಡಗಿದಳು. ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ. ತನ್ನ ಅರವತ್ತಕ್ಕಾಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಊಟದ ಬಿಡುವಿನಲ್ಲೂ ಮೆಷಿನ್ ತುಳಿದಳು. ಹುಡುಗಿಯೋ, ತನ್ನ ಕೈ ಪಳಗಿತೆಂದು ಖುಷಿಪಟ್ಟಳು.

ಹೊಟ್ಟೆಗೆ ಏನೂ ಆಗಿರಲಿಲ್ಲ. ಆಕೆ ಪತ್ರಿಕೆಯವಳು. ಕಾರ್ಖಾನೆಯ ಕಷ್ಟವನ್ನು ಕಣ್ಣಾರೆ ಕಂಡು ಬರೆಯಲು ವೇಷ ಮರೆಸಿಕೊಂಡು ಬಂದಿದ್ದಳು; ಶೌಚಾಲಯದ ಚಿಲಕ ಹಾಕಿಕೊಂಡು ಕಂಡದ್ದನ್ನೆಲ್ಲ ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದಳು. ತಿಂಗಳು ತುಂಬುವ ಮೊದಲೇ ಮಾಯವಾದಳು. ಆಮೇಲೆ ಪುಟದ ತುಂಬ ಲೇಖನ ಬಂತು. ಸೆಕೆ, ಬೈಗುಳ, ಊದಿದ ಕಾಲು, ಒಬ್ಬರಿಗೊಬ್ಬರು ನೆರವಾದರೆ ಕೆಲಸದಿಂದ ಕಿತ್ತುಹಾಕುವ ನಿಯಮ, ಎಲ್ಲವೂ ನಿಜ. ನಡುವೆ ಹೆಮ್ಮೆಯದೊಂದು ಸಾಲು: "ಮೂರನೇ ವಾರಕ್ಕೆ ನಾನೂ ಗಂಟೆಗೆ ಅರವತ್ತು ಕಾಲರ್ ಹೊಲಿದೆ."

ಮ್ಯಾನೇಜರ್ ಬಹಳ ಶ್ರದ್ಧೆಯಿಂದ ಓದುವ ಮನುಷ್ಯ. ಉಳಿದದ್ದನ್ನೆಲ್ಲ ದಾಟಿ ಆ ಸಾಲಿಗೆ ಕೆಂಪು ಗೆರೆ ಎಳೆದು ಗೋಡೆಗೆ ಅಂಟಿಸಿದ. ಸೂಜಿ ಹಿಡಿದು ಗೊತ್ತಿಲ್ಲದವಳಿಗೇ ಅರವತ್ತು ಆಗುವುದಾದರೆ ಹಳಬರಿಗೆ ಎಪ್ಪತ್ತು ಯಾಕಾಗಬಾರದು? ಸೋಮವಾರದಿಂದ ಎಪ್ಪತ್ತಾಯಿತು. ಅಕ್ಕನಿಗೆ ತಲೆ ಬಾಚಿಕೊಳ್ಳಲೂ ಕೈ ಎತ್ತಲಾಗದೆ ಮಗಳೇ ಜಡೆ ಹಾಕಬೇಕಾಯಿತು.

ಒಂದು ಬೆಳಿಗ್ಗೆ ಹುಡುಗಿ ಪತ್ರಿಕೆ ಹಿಡಿದು ಗೇಟಿನ ಬಳಿ ಕಾದಿದ್ದಳು. "ಅಕ್ಕಾ, ಓದಿದ್ರಾ?"

"ಓದಿದೆ ಕಣಮ್ಮಾ. ಚೆನ್ನಾಗಿ ಬರ್ದಿದೀಯ. ಆದ್ರೆ ನಿನ್ನ ಅರವತ್ತರಲ್ಲಿ ಇಪ್ಪತ್ತು ನಂದು. ಈಗ ನಮಗೆಲ್ಲ ಎಪ್ಪತ್ತು ಮಾಡಿದಾರೆ."

ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ ಅಕ್ಕಾ, ನಾಳೆನೇ ನಡೆದದ್ದು ನಡೆದ ಹಾಗೆ ಬರೀತೀನಿ."

"ಬರೆದ್ರೆ ಆವತ್ತೇ ನನ್ನನ್ನ ಮನೆಗೆ ಕಳಿಸ್ತಾರೆ. ಆ ನಿಯಮಾನೂ ನೀನೇ ಬರ್ದಿದೀಯಲ್ಲಾ?"

ಹುಡುಗಿ ಪತ್ರಿಕೆಯನ್ನು ಮಡಚಿ ಬೆನ್ನ ಹಿಂದೆ ಹಿಡಿದಳು. ಒಳಗೆ ಗಂಟೆ ಹೊಡೆಯಿತು.

"ಹೋಗ್ಲಿ ಬಿಡು, ಎಲ್ಲಾ ನೀನೇ ಹೊಲಿದೆ ಅಂತಲೇ ಇರ್ಲಿ" ಎಂದು ಅಕ್ಕ ಎಪ್ಪತ್ತು ಹೊಲಿಯಲು ಒಳಗೆ ಹೋದಳು.