ನೆಡ್ರಾ ಅಳೆದ ಮದ್ದು

ನಮ್ಮ ಡಾರ್ಬಿ ಊರಿನಲ್ಲಿ, ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಯನ್ನು ಎಸೆಯುವವನಿಗೆ ಬುದ್ಧಿ ನೆಟ್ಟಗಿಲ್ಲ ಅನ್ನುತ್ತೇವೆ. ಅದನ್ನು ತೊಳೆದು, ಮತ್ತೆ ಮದ್ದು ತುಂಬಿ, ಗುಂಡು ಕೂರಿಸುವುದೇ ಹಿಮ ಬೀಳುವ ದಿನಗಳ ಸುಖ. ಆ ಸುಖವನ್ನು ಪಕ್ಕದ ಮನೆಯ ವರ್ಲಿನ್, ಅವನ ಹೆಂಡತಿ ನೆಡ್ರಾ ಉಂಡಷ್ಟು ಯಾರೂ ಉಂಡಿಲ್ಲ. ಅವಳು ತಕ್ಕಡಿಯಲ್ಲಿ ಮದ್ದು ಅಳೆದು ಸುರಿಯುವಳು. ಅವನು ಟಾರ್ಚ್ ಬಿಟ್ಟು ಒಳಗೆ ಮದ್ದಿನ ಮಟ್ಟ ನೋಡಿ ಗುಂಡು ಕೂರಿಸುವನು. ಗ್ಯಾರೇಜಿನಿಂದ ಇಬ್ಬರ ನಗು ಕೇಳಿದಾಗಲೆಲ್ಲ ಒಂಟಿಗನಾದ ನನಗೆ ಹೊಟ್ಟೆಕಿಚ್ಚು.

ಐದು ವರ್ಷದ ಹಿಂದೆ, ಅವರು ಹೊಸದಾಗಿ ತುಂಬಿಟ್ಟ ಐವತ್ತರ ಡಬ್ಬಿಯ ಮೊದಲ ಸಾಲಿನ ಐದು ತೋಟಾ ಚೆನ್ನಾಗಿಯೇ ಹಾರಿದವು. ಆರನೆಯದಕ್ಕೆ ರಿವಾಲ್ವರ್ ಸಿಡಿದು ವರ್ಲಿನ್‌ನ ಹೆಬ್ಬೆರಳ ತುದಿ ಹೋಯಿತು. ಮದ್ದು ಎರಡು ಪಾಲು ಬಿದ್ದಿತ್ತು.

"ಎರಡ್ ಸಲ ಸುರಿದಿದೀಯ, ಮುದುಕಿ. ಇನ್ಮೇಲೆ ಈ ಮೇಜಿನ ಹತ್ರ ಬರ್ಬೇಡ," ಎಂದ, ನನ್ನೆದುರಿಗೇ.

"ನೀನು ಟಾರ್ಚ್ ಬಿಟ್ಟು ನೋಡ್ಲಿಲ್ವಾ?" ಎಂದಳು ನೆಡ್ರಾ.

"ನೋಡ್ದೆ."

ಅವಳು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು. ಮತ್ತೆ ಆ ಸ್ಟೂಲಿನ ಮೇಲೆ ಕೂರಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡಳು.

ಅಂದಿನಿಂದ ದಿನವೂ ಬೆಳಿಗ್ಗೆ ಹತ್ತಕ್ಕೆ, ಅವಳು ಅಳೆಯಲು ಕೂರುತ್ತಿದ್ದ ಹೊತ್ತಿಗೆ, ವರ್ಲಿನ್‌ಗೆ ಗ್ಯಾರೇಜಿನಲ್ಲಿ ತಕ್ಕಡಿಯ ಟಿಣ್ ಸದ್ದು ಕೇಳುತ್ತದೆ.

"ಅಳೀತಿದಾಳೆ ಕಣೋ ಹಾರ್ಲನ್," ಎಂದ ನನಗೆ. "ಅವತ್ತಿನ ಆ ಡಬ್ಬೀಲಿ ಇನ್ನೂ ನಲವತ್ನಾಲ್ಕಿವೆ. ಬಿಚ್ಚಿ ನೋಡೋಣ. ಅಲ್ಲೊಂದು ಇಲ್ಲೊಂದು ತಪ್ಪಿದ್ರೆ ಅವ್ಳ ಕೈ ಸೋತಿತ್ತು ಅಂತಾಯ್ತು. ಇಲ್ದಿದ್ರೆ..."

ಡಬ್ಬಿಯನ್ನು ಮೇಜಿಗೆ ತಂದಿಟ್ಟ.

ನಾನು ತೋಟಾ ಸಿಕ್ಕಿಸುವ ಟೊಳ್ಳು ಸುತ್ತಿಗೆಯನ್ನು ಮರದ ತುಂಡಿಗೆ ಬಡಿದು ಒಂದೊಂದರ ಗುಂಡು ಕಳಚಿದೆ, ಅವನು ಮದ್ದು ತೂಗಿದ. ಕೊನೆಯ ಸಾಲಿನಿಂದ ಶುರುಮಾಡಿದೆವು. ಎಂಟು ಸಾಲು, ನಲವತ್ತು ತೋಟಾ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಉಳಿದದ್ದು ಸಿಡಿದ ತೋಟಾ ಇದ್ದ ಎರಡನೇ ಸಾಲಿನ ನಾಲ್ಕು. ನಾಲ್ಕರಲ್ಲೂ ಎರಡೆರಡು ಪಾಲು.

"ಕೈ ತಪ್ಪಿದ್ರೆ ಒಂದು ತಪ್ಪುತ್ತೆ, ಎರಡು ತಪ್ಪುತ್ತೆ. ಸಾಲಿಗೆ ಸಾಲೇ ತಪ್ಪುತ್ತೇನೋ, ಮಾರಾಯ?" ಎಂದೆ. ಹೇಳಬಾರದಿತ್ತು.

ವರ್ಲಿನ್ ಮೊಂಡು ಹೆಬ್ಬೆರಳನ್ನು ಉಜ್ಜುತ್ತಾ ಕೂತ. "ಅವತ್ತು ಅವ್ಳ ತಂಗಿ ಫೋನ್ ಬಂತು. ಎದ್ದು ಹೋದ್ಲು. ಅವ್ಳ ಕೆಲ್ಸ ಸ್ವಲ್ಪ ಹಗುರಾಗ್ಲಿ ಅಂತ ಒಂದು ಸಾಲಿಗೆ ನಾನೇ ಸುರಿದೆ. ಅವ್ಳು ಅದಕ್ಕಾಗ್ಲೇ ಸುರಿದಿದ್ಲು." ಮೇಜಿನ ಮೇಲಿದ್ದ ಟಾರ್ಚನ್ನು ಎತ್ತಿಕೊಂಡ. "ಟಾರ್ಚೂ ಬಿಡ್ಲಿಲ್ಲ ಕಣೋ. ಅವ್ಳು ಅಳೆದಿದ್ದನ್ನ ಏನ್ ನೋಡೋದು ಅಂತ."

ನನಗೆ ಅವನ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಮರುದಿನ ಹತ್ತೂಕಾಲಿಗೆ ನನ್ನ ಬಾಗಿಲು ತಟ್ಟಿದ. ಹಿಮದಲ್ಲಿ ಕೋಟೂ ಇಲ್ಲದೆ ನಿಂತಿದ್ದ, ಕೈಯಲ್ಲಿ ಅವಳ ಏಪ್ರನ್.

"ಅವ್ಳಿಗೆ ತಪ್ಪಾಯ್ತು ಅನ್ನೋಣ ಅಂತ ಒಂಬತ್ರಿಂದ ಕಾದಿದ್ದೆ ಹಾರ್ಲನ್," ಎಂದ. "ಇವತ್ತು ಸದ್ದೇ ಬರ್ಲಿಲ್ಲ."